ಹಾನಿಯಾ? ಹೌದು, ಹಾನಿಯೇ

ಉದ್ದ ಇದೆ, ಪುರುಸೊತ್ತಿದ್ದವರು ಓದಿ. ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ, ಬರೆಯದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಈ ಸಲದ ರಜೆಗೆ ಗ್ರೀಸಿನ ಕ್ರೀಟ್ ದ್ವೀಪಕ್ಕೆ ಬಂದಿದ್ದೀವಿ ಅಂತ ಗೊತ್ತಲ್ಲ. ಊರಿನ ಹೆಸರು ಹಾನಿಯಾ. ಫೋನಿನಲ್ಲಿ ಹೇಳಿದಾಗ ಅಮ್ಮ "ಯಾರಿಗೇ ಹಾನಿ?" ಅಂದಿದ್ದಳು. ಆಗ ನಕ್ಕಿದ್ದೆ.

ನಿನ್ನೆ ದುಡ್ಡು ಕೊಟ್ಟು ಎರಡು ಗಂಟೆಯ ಟೂರ್ ಸೇರಿದೆವು. ಗೈಡು ಹುಡುಗಿ ಚುರುಕು, ನಗುಮುಖ. ಆದರೆ ಬಾಯಿ ತೆಗೆದರೆ "ಬಹುಸಂಸ್ಕೃತಿಯ ಪರಂಪರೆ". ದಡದಲ್ಲೇ ಹಳೇ ಒಟ್ಟೋಮನ್ ಮಸೀದಿ ಇದೆ, ದೊಡ್ಡ ಇಡ್ಲಿಯ ಸುತ್ತ ಮರಿ ಇಡ್ಲಿ ಕೂರಿಸಿದ ಹಾಗೆ ಗುಮ್ಮಟಗಳು. ಮಿನಾರ್ ಕೆಡವಿ ಎಷ್ಟೋ ವರ್ಷ ಆಗಿದೆ. "ಇಲ್ಲಿನ ಮುಸ್ಲಿಮರು?" ಅಂತ ಯಾರೋ ಕೇಳಿದರು. "1923ರಲ್ಲಿ ಹೊರಟುಹೋದರು" ಅಂದಳು.

ಆಮೇಲೆ ಕೊಂಡಿಲಾಕಿ ಬೀದಿ, ಹಳೇ ಯಹೂದಿ ಕೇರಿ. "ಇಲ್ಲಿ ಯಹೂದಿಗಳಿದ್ದರು." ಈ ಸಲ ನಾನೇ ಕೇಳಿದೆ, ಈಗ? "ಯುದ್ಧದ ಕಾಲದಲ್ಲಿ ಹೋದರು." ಮೂವತ್ತು ಸೆಕೆಂಡು ಆಗಿರಬಹುದು. ಮುಂದಿನ ಆಲಿವ್ ಎಣ್ಣೆ ಸೋಪಿನ ಅಂಗಡಿಯಲ್ಲಿ ಇಪ್ಪತ್ತು ನಿಮಿಷ.

ಹೋದರು! ಬಸ್ಸು ಹತ್ತಿ ಹೋದರಾ? ಅಳಿಯನ ಮನೆಗೆ ಹೋದರಾ?

1923ರಲ್ಲಿ ಗ್ರೀಸು ಮತ್ತು ಟರ್ಕಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೂತು ಜನರನ್ನು ಅದಲುಬದಲು ಮಾಡಿಕೊಂಡವು. ಭಾಷೆ ನೋಡಲಿಲ್ಲ, ಧರ್ಮ ನೋಡಿದರು. ಕ್ರೀಟ್‌ನ ಬಹುಪಾಲು ಮುಸ್ಲಿಮರ ಮನೆಮಾತು ಗ್ರೀಕ್. ಟರ್ಕಿಶ್ ಸರಿಯಾಗಿ ಬಾರದವರನ್ನು "ನಿಮ್ಮ ದೇಶ" ಅಂತ ಟರ್ಕಿಯ ಐವಲಿಕ್ ಕಡೆಗೆ ಸಾಗಿಸಿದರು. ಅತ್ತಲಿಂದ ಏಷ್ಯಾ ಮೈನರಿನ ಕ್ರೈಸ್ತರು ಇತ್ತ ಬಂದು ಬಿದ್ದರು. ಇದಕ್ಕೆ ನಮ್ಮ ಕಡೆ ಎತ್ತಂಗಡಿ ಅಂತಾರೆ.

ಇನ್ನು ಯಹೂದಿಗಳು. 1944ರ ಮೇ 29ರ ಬೆಳಗಿನ ಜಾವ ಜರ್ಮನ್ ಸೈನಿಕರು ಆ ಕೇರಿಯನ್ನೇ ಸುತ್ತುವರಿದು ಹಿಡಿದರು. ಇನ್ನೂರಕ್ಕೂ ಹೆಚ್ಚು ಜನ, ಮಕ್ಕಳೂ ಸೇರಿ. ಜೂನ್‌ನಲ್ಲಿ ಹೆರಾಕ್ಲಿಯನ್‌ನಿಂದ 'ತನಾಯಿಸ್' ಅನ್ನೋ ಹಡಗಿಗೆ ತುಂಬಿದರು. ಜೂನ್ 9ರಂದು ಬ್ರಿಟಿಷ್ ಜಲಾಂತರ್ಗಾಮಿಯೊಂದು, ಒಳಗೆ ಯಾರಿದ್ದಾರೆ ಅಂತ ತಿಳಿಯದೆ, ಅದಕ್ಕೆ ಟಾರ್ಪೆಡೊ ಹೊಡೆಯಿತು. ಹೋದರು ಅನ್ನೋದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥ ಇದೆ. ಆ ಅರ್ಥದಲ್ಲಿ ಹೇಳಿದ್ದರೆ ಅವಳನ್ನು ಕ್ಷಮಿಸುತ್ತಿದ್ದೆ.

ನಮ್ಮನೆಯವರ ವಾದ: "ರಜೆಗೆ ಬಂದವರಿಗೆ ಸಾವಿನ ಕಥೆ ಯಾಕೆ? ಅವಳ ಹೊಟ್ಟೆಪಾಡು, ಪಾಪ." ಹೊಟ್ಟೆಪಾಡು ಅನ್ನೋದನ್ನು ಒಪ್ಪಿದೆ. ಆದರೆ ಸ್ಪ್ಲಾಂಟ್ಜಿಯಾ ಚೌಕದ ಚಿನಾರ್ ಮರದ ಕೆಳಗೆ ಇದೇ ಹುಡುಗಿ, 1821ರಲ್ಲಿ ತುರ್ಕರು ಬಿಷಪ್ ಮೆಲ್ಕಿಸೆಡೆಕ್ ಅವರನ್ನು ಗಲ್ಲಿಗೆ ಹಾಕಿದ ಕಥೆಯನ್ನು ಹತ್ತು ನಿಮಿಷ ಕಣ್ಣಿಗೆ ಕಟ್ಟುವ ಹಾಗೆ ಹೇಳಿದಳಲ್ಲ? ಅಲ್ಲಿ ಯಾರ ರಜೆಯೂ ಕೆಡಲಿಲ್ಲ. ಅಲ್ಲಿ "ಬಿಷಪ್ ಹೊರಟುಹೋದರು" ಅನ್ನಲಿಲ್ಲ. ನಮ್ಮವರು ಸತ್ತರೆ ಕಥೆ, ಬೇರೆಯವರು ಸತ್ತರೆ ಮೂವತ್ತು ಸೆಕೆಂಡು. ಇವರು ಉತ್ತರ ಕೊಡದೆ ಬುಗಾತ್ಸಾ ತಿನ್ನತೊಡಗಿದರು. (ಚೀಸಿನ ಹೂರಣಕ್ಕೆ ಮೇಲೆ ಸಕ್ಕರೆ ಉದುರಿಸಿ ಕೊಡ್ತಾರೆ. ಜಗಳದ ನಡುವೆಯೂ ರುಚಿಯಾಗಿತ್ತು.)

ಅದೇ ಚೌಕದ ಸಂತ ನಿಕೋಲಸ್ ಚರ್ಚನ್ನು ನೋಡಬೇಕು ನೀವು. ಒಂದು ಬದಿಗೆ ಗಂಟೆ ಗೋಪುರ, ಇನ್ನೊಂದು ಬದಿಗೆ ಎರಡು ಬಾಲ್ಕನಿಯ ಮಿನಾರ್. 1320ರಲ್ಲಿ ಡೊಮಿನಿಕನ್ ಅನ್ನೋ ಕ್ಯಾಥೊಲಿಕ್ ಪಂಥದ ಪಾದ್ರಿಗಳು ಕಟ್ಟಿದ್ದು, 1645ರಲ್ಲಿ ಮಸೀದಿ ಆಯ್ತು, 1918ರಲ್ಲಿ ಆರ್ಥೊಡಾಕ್ಸ್ ಚರ್ಚು. ಎಲ್ಲರೂ ಫೋಟೊ ಹೊಡೆದು "ಎಷ್ಟು ಸಾಮರಸ್ಯ" ಅಂದರು. ಸಾಮರಸ್ಯ ಎಲ್ಲಿ ಬಂತು? ಗೆದ್ದವರು ಬಂದಾಗಲೆಲ್ಲ ಬೀಗ ಬದಲಾಗಿದೆ ಅಷ್ಟೇ.

ನಾನೇನು ಸಾಚಾ ಅಲ್ಲ. ಮೊದಲ ದಿನ ಲೈಟ್‌ಹೌಸ್ ಮುಂದೆ ಸೆಲ್ಫಿ ಹಾಕಿ "ವೆನಿಸ್‌ನ ಚೆಲುವು" ಅಂತ ಬರೆದವಳು ನಾನೇ, ನೀವೂ ಲೈಕ್ ಒತ್ತಿದ್ದೀರಿ. ಒಟ್ಟೋಮನ್ನರಿಗಿಂತ ಮೊದಲು ಈ ದ್ವೀಪ ಆಳಿದ ವೆನಿಸ್‌ನವರದ್ದು ಬುಡ ಮಾತ್ರ. ಈಗ ನಿಂತಿರೋದು 1830ರ ದಶಕದಲ್ಲಿ ಈಜಿಪ್ಟಿನವರ ಆಳ್ವಿಕೆಯಲ್ಲಿ ಕಟ್ಟಿದ್ದು. ನೋಡಿದರೆ ಮಿನಾರ್ ಥರಾನೇ ಇದೆ. ಲೈಕ್ ಬಂದುಬಿಟ್ಟಿತ್ತಲ್ಲ, ತಿದ್ದಲಿಲ್ಲ.

ಇವತ್ತು ಬೆಳಿಗ್ಗೆ ಒಬ್ಬಳೇ ಆ ಕೇರಿಗೆ ವಾಪಸ್ ಹೋದೆ. ಎಟ್ಝ್ ಹಾಯಿಮ್ ಸಿನಗಾಗ್, ಯಹೂದಿಗಳ ಪ್ರಾರ್ಥನಾ ಮಂದಿರ. ವೆನಿಸ್‌ನವರ ಕಾಲದಲ್ಲಿ ಅದು ಚರ್ಚು. ಯುದ್ಧದ ನಂತರ ಪಾಳು ಬಿದ್ದಿದ್ದನ್ನು ನಿಕೋಸ್ ಸ್ಟಾವ್ರೂಲಾಕಿಸ್ ಅನ್ನೋ ವಿದ್ವಾಂಸರು ಹಟ ಹಿಡಿದು ಎತ್ತಿ ನಿಲ್ಲಿಸಿ 1999ರಲ್ಲಿ ಬಾಗಿಲು ತೆರೆಸಿದರು. 2010ರ ಜನವರಿಯಲ್ಲಿ ಒಂದೇ ತಿಂಗಳಲ್ಲಿ ಎರಡು ಸಲ ಬೆಂಕಿ ಇಟ್ಟರು, ಮತ್ತೆ ರಿಪೇರಿ ಮಾಡಿದರು. ಒಳಗೆ ಶುದ್ಧಿಸ್ನಾನದ ಕೊಳ ಇದೆ, ಒರತೆ ನೀರು. ಮೆಟ್ಟಿಲ ಮೇಲೆ ನಿಂತು ಬಗ್ಗಿ ನೋಡಿದೆ. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಹೊರಗೆ ಯಾವುದೋ ಟೂರಿನ ಗುಂಪು ಹಾದುಹೋಗುತ್ತಿತ್ತು, ನಿಲ್ಲಲಿಲ್ಲ.

ರೂಮಿಗೆ ಬಂದರೆ ಟೂರಿನವರ ಮೆಸೇಜು: ದಯವಿಟ್ಟು ಸ್ಟಾರ್ ಕೊಡಿ ಅಂತ. ನಾನಿನ್ನೂ ಕೊಟ್ಟಿಲ್ಲ. ನಮ್ಮನೆಯವರು ಇಬ್ಬರ ಪರವಾಗಿ ಐದು ಒತ್ತಿ ಆಗಿದೆಯಂತೆ.