ಹೊಟ್ಟೆ ಮುಳುಗಿಲ್ಲ, ಪಾಸ್ಟರ್!

ಬೆಂಗಳೂರಿನಲ್ಲಿ ಆಟೊ ಹತ್ತಿ ‘ಬ್ಯಾಪ್ಟಿಸ್ಟ್ ಚರ್ಚಿಗೆ ಬಿಡಪ್ಪ’ ಅಂದರೆ ಸೀದಾ ಹೆಬ್ಬಾಳದ ಆಸ್ಪತ್ರೆ ಮುಂದೆ ಇಳಿಸುತ್ತಾರೆ. 1973ರಿಂದ ಇರುವ ಆ ಆಸ್ಪತ್ರೆ ಊರಿಗೆಲ್ಲ ಗೊತ್ತು. ಆ ಹೆಸರಿನ ಕ್ರೈಸ್ತರೂ ಒಂದಷ್ಟು ಜನ ಇದ್ದಾರೆ ಅನ್ನೋದು ಯಾರಿಗೂ ಗೊತ್ತಿಲ್ಲ. ಒಬ್ಬ ಡ್ರೈವರಂತೂ ನನ್ನ ಕೈಯಲ್ಲಿದ್ದ ಬೈಬಲ್ ನೋಡಿ, ‘ತುಂಬಾ ಸೀರಿಯಸ್ಸಾ ಸಾರ್?’ ಎಂದು ಮೆಲ್ಲಗೆ ಕೇಳಿ, ಇಳಿಯುವಾಗ ಹತ್ತು ರೂಪಾಯಿ ಬಿಟ್ಟುಕೊಟ್ಟ. ನಾನೂ ಸುಮ್ಮನೆ ತೆಗೆದುಕೊಂಡೆ. ಆ ಪಾಪ ಇನ್ನೂ ನನ್ನ ಲೆಕ್ಕದಲ್ಲಿದೆ.

ನಾವು ಯಾರು ಅಂದರೆ, ನೀರಿನವರು. ಬೇರೆ ಹಲವು ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಎಳೇ ಮಗುವಿನ ಹಣೆಗೆ ನೀರು ಚಿಮುಕಿಸಿ ದೀಕ್ಷಾಸ್ನಾನ ಮುಗಿಸುತ್ತಾರೆ. ನಮ್ಮಲ್ಲಿ ಮಗು ಬೆಳೆದು, ಬುದ್ಧಿ ಬಂದು, ‘ನಂಬುತ್ತೇನೆ’ ಎಂದು ತಾನೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ನೆತ್ತಿವರೆಗೂ ಮುಳುಗಬೇಕು. ಜುಟ್ಟು ತೇಲಿದರೂ ನಮ್ಮ ಹಿರಿಯರಿಗೆ ಸಮಾಧಾನವಿಲ್ಲ. ನನ್ನ ಹೆಂಡತಿ ಮಂಗಳೂರಿನ ಬಲ್ಮಠದ ಕಡೆಯವಳು, ಬಾಸೆಲ್ ಮಿಷನ್ ಮನೆತನ. ನಮ್ಮ ಮದುವೆಯಾದ ವರ್ಷವೇ ಅವಳು ಹೇಳಿದ್ದಳು: ‘ರೀ, ನಮ್ಮಲ್ಲಿ ಒಂದು ಮಗುವಿಗೆ ಒಂದು ಬಟ್ಟಲು ನೀರು. ಅದರಲ್ಲೂ ಉಳಿದದ್ದನ್ನ ಅಜ್ಜಿ ಮಲ್ಲಿಗೆ ಗಿಡಕ್ಕೆ ಹಾಕ್ತಿದ್ರು.’

ಹೀಗೆ ನೀರಿನ ಮೇಲೆ ಸಿದ್ಧಾಂತ ಕಟ್ಟಿಕೊಂಡು ಕೂತ ನಮಗೆ 2024ರ ಮಾರ್ಚ್ ತಿಂಗಳು ಬಂತು.

ಆ ಬೇಸಿಗೆ ನೆನಪಿರಬಹುದು. ಸರ್ಕಾರದ ಲೆಕ್ಕದ ಪ್ರಕಾರವೇ ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಕಾರು ತೊಳೆಯಲು, ಗಿಡಕ್ಕೆ ಬಿಡಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಮೂರು ನಾಲ್ಕು ದಿನದಲ್ಲೇ ಈಜುಕೊಳಗಳನ್ನೂ ಪಟ್ಟಿಗೆ ಸೇರಿಸಿದರು. ಹೊರಮಾವು ಕಡೆಯ ನಮ್ಮ ಸಭೆಯ ಬೋರ್‌ವೆಲ್ ಫೆಬ್ರವರಿಯಲ್ಲೇ ಗೊರಗೊರ ಎಂದು ಪ್ರಾಣ ಬಿಟ್ಟಿತ್ತು. ಮಾರ್ಚ್ 31ಕ್ಕೆ ಈಸ್ಟರ್. ದೀಕ್ಷಾಸ್ನಾನಕ್ಕೆ ಏಳು ಜನ ಹೆಸರು ಕೊಟ್ಟಿದ್ದರು. ನಮ್ಮ ತೊಟ್ಟಿ ಇರುವುದು ಪ್ರಸಂಗಪೀಠದ ಕೆಳಗೆ. ಮರದ ಹಲಗೆ ಎತ್ತಿದರೆ ಎಂಟಡಿ ಉದ್ದ, ಐದಡಿ ಅಗಲ, ಮೂರೂವರೆ ಅಡಿ ಆಳ. ತುಂಬಿಸಲು ಸುಮಾರು 4,000 ಲೀಟರ್ ಬೇಕು. ನನ್ನ ಮನೆಯ ನಲ್ಲಿಯಲ್ಲಿ ಆಗ ಹಲ್ಲುಜ್ಜಲು ಬರುತ್ತಿದ್ದದ್ದು ಗಾಳಿ.

ಪಾಸ್ಟರ್ ಆದವನು ತೀರ್ಮಾನ ಮಾಡಿದರೆ ಆಯಿತಲ್ಲ ಅಂತ ನೀವು ಕೇಳಬಹುದು. ಕೇಳಿದಿರಿ ಅಂದರೆ ನೀವು ಬ್ಯಾಪ್ಟಿಸ್ಟರನ್ನು ನೋಡಿಲ್ಲ. ನಮ್ಮಲ್ಲಿ ಬಿಷಪ್ಪರಿಲ್ಲ. 1947ರಲ್ಲಿ ದಕ್ಷಿಣದ ಹಲವು ಸಭೆಗಳು ಒಂದಾಗಿ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆದಾಗಲೂ ನಾವು ಸೇರಲಿಲ್ಲ. ಬಿಷಪ್ಪರು ಅಂತ ಒಬ್ಬರಿದ್ದರೆ ಅವರ ಮಾತು ಕೇಳಬೇಕಾಗುತ್ತದಲ್ಲ! ನಮ್ಮಲ್ಲಿ ಎಲ್ಲವೂ ಸಭಾಕೂಟದಲ್ಲಿ, ಕೈ ಎತ್ತಿ. ಪ್ಲಾಸ್ಟಿಕ್ ಕುರ್ಚಿ ನೀಲಿಯೋ ಬಿಳಿಯೋ ಎಂದು ಮೂರು ಭಾನುವಾರ ಕೂತು, ಕೊನೆಗೆ ಅರ್ಧ ನೀಲಿ, ಅರ್ಧ ಬಿಳಿ ತಂದವರು ನಾವು. ಇವತ್ತಿಗೂ ನೀಲಿಗೆ ಕೈ ಎತ್ತಿದವರು ಬಿಳಿ ಕುರ್ಚಿಯಲ್ಲಿ ಕೂರುವುದಿಲ್ಲ. ಬೇಕಾದರೆ ನಿಂತೇ ಪ್ರಸಂಗ ಕೇಳುತ್ತಾರೆ.

ನೀರಿಗೆ ಏನು ಮಾಡುವುದು ಎಂದು ಸಭಾಕೂಟ ಕರೆದ ಭಾನುವಾರ, ಕೂಟ ಶುರುವಾಗುವ ಮೊದಲೇ ಎಲ್ಲರ ಹೊಟ್ಟೆ ಹಸಿದಿತ್ತು. ಹಸಿದ ಬ್ಯಾಪ್ಟಿಸ್ಟರ ಮುಂದೆ ಯಾವ ವಿಷಯವನ್ನೂ ಇಡಬಾರದು.

‘ಮುಂದಕ್ಕೆ ಹಾಕೋಣ’ ಎಂದರು ಖಜಾಂಚಿ. ಅವರು ಎಲ್ಲವನ್ನೂ ಮುಂದಕ್ಕೆ ಹಾಕುವವರೇ, ನನ್ನ ಸಂಬಳವನ್ನೂ. ಆದರೆ ಈ ಸಲ ಚರಿತ್ರೆಯ ಆಧಾರ ತಂದಿದ್ದರು. ನಮ್ಮಲ್ಲಿ ಅರ್ಧ ಜನರ ತಾತ ಮುತ್ತಾತಂದಿರು ಆಂಧ್ರದ ಒಂಗೋಲು ಕಡೆಯಿಂದ ಬಂದವರು, ನಮ್ಮ ತಾತನೂ ಸೇರಿ. ಅಲ್ಲಿದ್ದ ಕ್ಲೌ ದೊರೆ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ. 1876-78ರ ಮಹಾ ಬರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗ ತೋಡುವ ಗುತ್ತಿಗೆ ಹಿಡಿದು, ಹಸಿದವರಿಗೆ ಕೂಲಿ ಕೊಟ್ಟು ಉಳಿಸಿದರು. ಗಂಜಿ ಆಸೆಗೆ ಯಾರೂ ಬರಬಾರದು ಅಂತ ಬರ ಮುಗಿಯುವ ತನಕ ದೀಕ್ಷಾಸ್ನಾನವನ್ನೇ ನಿಲ್ಲಿಸಿದ್ದರು.

‘ಕ್ಲೌ ದೊರೆಗಳೇ ಬರದಲ್ಲಿ ನಿಲ್ಲಿಸಿದ್ರು’ ಎಂದು ಖಜಾಂಚಿ ಕೂತರು.

‘ಬರ ಮುಗಿದ ಮೇಲೆ ಏನು ಮಾಡಿದ್ರು ಅಂತಾನೂ ಹೇಳಿ!’ ಹಿಂದಿನಿಂದ ಒಬ್ಬರು ಕೂಗಿದರು. ಅದು ಎಲ್ಲರಿಗೂ ಗೊತ್ತು. 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನಕ್ಕೆ ದೀಕ್ಷಾಸ್ನಾನವಾಯಿತು. ಆರು ಜನ ಬೋಧಕರು, ಇಬ್ಬಿಬ್ಬರಾಗಿ ಸರದಿಯಲ್ಲಿ ನೀರಿಗಿಳಿದರು. ಆ ಸಂಖ್ಯೆ ಹೇಳುವಾಗ ನಮ್ಮ ತಾತ ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದರು. ‘ಅವರಿಗೆ 2,222, ನಮಗೆ ಏಳು ಜನ ಆಗಲ್ವಾ?’ ಎಂಬ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ. ಅವರಿಗೆ ಹೊಳೆ ಇತ್ತು ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ವಕೀಲರಾದ ನಮ್ಮ ಡೀಕನ್, ಅಂದರೆ ಸಭೆಯ ಕೆಲಸಕಾರ್ಯ ನೋಡಿಕೊಳ್ಳುವವರು, ಕಾನೂನು ಎತ್ತಿದರು. ‘ತೊಟ್ಟಿ ಅನ್ನೋದು ಈಜುಕೊಳಾನಾ, ಅಲ್ವಾ? ಈಜುಕೊಳ ಆದ್ರೆ ದಂಡ. ಅಲ್ಲ ಅಂತ ಸಾಬೀತು ಮಾಡಬೇಕಾದ್ರೆ ಒಳಗೆ ಹೋದವರು ಯಾರೂ ಈಜಬಾರದು.’ ಯಾರೂ ಈಜುವುದಿಲ್ಲವೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆವು.

ಸಾಫ್ಟ್‌ವೇರಿನ ಹುಡುಗನೊಬ್ಬ, ತನ್ನ ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು ದಿನಾ ಸುಮ್ಮನೆ ಚರಂಡಿ ಸೇರುತ್ತದೆ, ಅದನ್ನೇ ತರಬಹುದು ಎಂದ. ಸಿದ್ಧಾಂತದ ಪ್ರಕಾರ ಅಡ್ಡಿಯಿಲ್ಲ. ನಮಗೆ ನೀರು ಬರೀ ಗುರುತು, ತೀರ್ಥವಲ್ಲ. ನಾನು ಹಾಗೆಂದು ಬಾಯಿ ತೆರೆಯುವಷ್ಟರಲ್ಲಿ, ಏಳು ಜನರಲ್ಲಿ ಹಿರಿಯಳಾದ ಎಪ್ಪತ್ತೆರಡರ ಅಜ್ಜಿ ಎದ್ದಳು. ‘ಸಂಸ್ಕರಿಸೋದು ಅಂದ್ರೆ ಎಲ್ಲಿಂದ ಬಂದ ನೀರಪ್ಪಾ ಅದು?’ ಹುಡುಗ ಹೇಳಿದ. ‘ಹಳೇ ಜೀವ ಹೂತಿಟ್ಟು ಹೊಸ ಜೀವಕ್ಕೆ ಏಳೋದು ಅಂತ ಪಾಸ್ಟರು ಹೇಳಿದ್ರು. ಕಕ್ಕಸಿನಿಂದ ಏಳೋದು ಅಂತ ಹೇಳಿರಲಿಲ್ಲ’ ಎಂದು ಕೂತಳು. ಆ ಠರಾವು ಅಲ್ಲೇ ಬಿದ್ದುಹೋಯಿತು. ಬೆಳ್ಳಂದೂರು ಕೆರೆ ಎಂದ ಇನ್ನೊಬ್ಬರನ್ನು ಮಾತು ಮುಗಿಸಲೂ ಬಿಡಲಿಲ್ಲ. ಆ ನೊರೆಯಲ್ಲಿ ಮುಳುಗಿಸಿದರೆ ಪಾಪದ ಜೊತೆ ಚರ್ಮವೂ ಹೋಗುತ್ತದೆ.

ಕೊನೆಗೆ 23ಕ್ಕೆ 21 ಮತಗಳಿಂದ, ಒಂದು ಟ್ಯಾಂಕರ್ ತರಿಸುವುದು, ತೊಟ್ಟಿಗೆ ಎರಡೂವರೆ ಅಡಿ ಮಾತ್ರ ಬಿಟ್ಟು ಮಿಕ್ಕದ್ದನ್ನು ನೆಲದೊಳಗಿನ ಸಂಪ್ ತೊಟ್ಟಿಗೆ ಇಳಿಸುವುದು ಎಂದಾಯಿತು. ನೀಲಿ ಕುರ್ಚಿಯವರೆಲ್ಲ ವಿರೋಧ.

6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗಾದರೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಿತ್ತು. ಟ್ಯಾಂಕರಿನವನಿಗೆ ಅದನ್ನು ಹೇಳಿದೆ. ‘ಆ ರೇಟಿಗೆ ಅವರೇ ತಂದ್ಕೊಡ್ಲಿ ಫಾದರ್’ ಎಂದು ಫೋನಿಟ್ಟ. ಫಾದರ್ ಅಲ್ಲ, ಪಾಸ್ಟರ್ ಎಂದು ತಿದ್ದಲು ಮತ್ತೆ ಮಾಡಿದೆ. ಆ ನೆಪದಲ್ಲಿ 1,500ಕ್ಕೆ ಒಪ್ಪಂದವಾಯಿತು.

ಶನಿವಾರ ರಾತ್ರಿ ಹನ್ನೊಂದಕ್ಕೆ ಬರುತ್ತೇನೆಂದವನು ಎರಡಕ್ಕೂ ಬರಲಿಲ್ಲ. ಗೇಟಿನ ಬಳಿ ಸೊಳ್ಳೆ ಹೊಡೆಯುತ್ತ ಕೂತು ವಿಲಿಯಂ ಕೇರಿಯವರನ್ನು ನೆನೆದೆ. ಮೊದಲು ಚಪ್ಪಲಿ ಹೊಲಿಯುತ್ತಿದ್ದ ಆ ಬ್ಯಾಪ್ಟಿಸ್ಟ್ ಬಂಗಾಳದಲ್ಲಿ ಕೂತು 1817ರಲ್ಲೇ ಕನ್ನಡಕ್ಕೆ ವ್ಯಾಕರಣ ಬರೆದು ಅಚ್ಚು ಹಾಕಿಸಿದವರು. 1800ರ ಡಿಸೆಂಬರ್ 28ರಂದು ಸೀರಾಂಪುರದಲ್ಲಿ ಕೃಷ್ಣ ಪಾಲ್ ಎಂಬ ಬಡಗಿಗೆ ದೀಕ್ಷಾಸ್ನಾನ ಕೊಟ್ಟಾಗ ಅವರ ಮುಂದೆ ಇಡೀ ಹೂಗ್ಲಿ ಹರಿಯುತ್ತಿತ್ತು. ಬೈಬಲಿನ ಸ್ನಾನಿಕನಾದ ಯೋಹಾನನೇ ಸಲೀಮಿನ ಹತ್ತಿರ ಜಾಗ ಹಿಡಿದದ್ದು ಅಲ್ಲಿ ಬಹಳ ನೀರಿತ್ತು ಅಂತ. ಇವರಲ್ಲಿ ಯಾರೂ ಟ್ಯಾಂಕರಿನವನಿಗೆ ಹದಿನಾಲ್ಕು ಸಲ ಫೋನ್ ಮಾಡಿದವರಲ್ಲ.

ನಾಲ್ಕೂಕಾಲು ಗಂಟೆಗೆ ಬಂದ.

ಬೆಳಿಗ್ಗೆ ಆರಾಧನೆ, ಸ್ತೋತ್ರಗಳು, ಸಾಕ್ಷಿ, ಎಲ್ಲ ಚೆನ್ನಾಗಿ ನಡೆದವು. ಬಿಳಿ ನಿಲುವಂಗಿಯಲ್ಲಿ ನೀರಿಗಿಳಿದೆ. ನನ್ನ ಪಂಚೆ ಗಾಳಿ ತುಂಬಿಕೊಂಡು ಬಲೂನಿನ ಹಾಗೆ ಎದ್ದಿತು. ಅದನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ಇನ್ನೊಂದು ಕೈಯಲ್ಲಿ ಆಶೀರ್ವದಿಸಿದೆ. ಅಜ್ಜಿ ಮೊದಲು ಬಂದಳು, ಗುಬ್ಬಿಯ ಹಾಗೆ ಮುಳುಗಿ ಎದ್ದಳು. ‘ತಣ್ಣಗಿದೆ ಕಣಪ್ಪಾ’ ಎಂದಷ್ಟೇ ಹೇಳಿದಳು.

ಎರಡನೆಯವರು ಬಸ್ ಓಡಿಸಿ ನಿವೃತ್ತರಾದ ಅಣ್ಣ. ತೂಕ ಸರಿಯಾಗಿ ನೂರೈದು ಕಿಲೋ. ಎರಡೂವರೆ ಅಡಿ ನೀರಲ್ಲಿ ಮಂಡಿಯೂರಿಸಿ, ಬೆನ್ನಿಗೆ ಒಂದು ಕೈ ಕೊಟ್ಟು ಹಿಂದಕ್ಕೆ ಒರಗಿಸಿದೆ. ತಲೆ ಮುಳುಗಿತು, ಎದೆ ಮುಳುಗಿತು. ಹೊಟ್ಟೆ ಮಾತ್ರ ನಡುಗಡ್ಡೆಯ ಹಾಗೆ ಮೇಲೆ ಉಳಿಯಿತು.

‘ಹೊಟ್ಟೆ ಮುಳುಗಿಲ್ಲ, ಪಾಸ್ಟರ್!’ ವಕೀಲ ಡೀಕನ್ನರ ದನಿ.

ಎಬ್ಬಿಸಿ ಮತ್ತೆ ಒರಗಿಸಿದೆ. ಈ ಸಲ ಹೊಟ್ಟೆ ಒತ್ತಿದೆ, ಮೊಣಕಾಲು ಎದ್ದವು. ಮೊಣಕಾಲು ಒತ್ತಿದರೆ ಹೊಟ್ಟೆ. ಮೂರನೇ ಸಲ ಎದ್ದಾಗ ಅಣ್ಣ ಏದುಸಿರು ಬಿಡುತ್ತ, ‘ಪಾಸ್ಟರೇ, ನಾನು ನಂಬೋದು ಒಂದೇ ಸಲ ಅಂದಿದ್ದೆ’ ಎಂದರು. ಸಂಡೇ ಸ್ಕೂಲಿನ ಮಕ್ಕಳು ಮುಂದಿನ ಸಾಲಲ್ಲಿ ಬಿದ್ದು ಬಿದ್ದು ನಗುತ್ತಿದ್ದವು. ಕಡೆಗೆ ಇಬ್ಬರು ಡೀಕನ್ನರು ಪ್ಯಾಂಟು ಮಡಚಿ ಇಳಿದರು, ಒಬ್ಬೊಬ್ಬರು ಒಂದೊಂದು ಭಾಗ ಹಿಡಿದುಕೊಂಡೆವು. ನಾಲ್ಕು ಜನ ಒಳಗಿದ್ದದ್ದಕ್ಕೆ ನೀರು ತಾನಾಗೇ ಏರಿ ಅಣ್ಣನನ್ನು ಪೂರ್ತಿ ನುಂಗಿತು. ಸಭೆ ಚಪ್ಪಾಳೆ ತಟ್ಟಿತು. ಏಳನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು, ‘ಅಂಕಲ್ ಅಲ್ಲೇ ಮೂಲೇಲಿ ಕೂತಿರ್ಲಿ, ಆಗ ಎಲ್ಲರಿಗೂ ಸರಿಯಾಗಿ ಮುಳುಗತ್ತೆ’ ಎಂದ. ಆ ಬೆಳಿಗ್ಗೆ ಅಷ್ಟು ವಿವೇಕದ ಮಾತನ್ನು ಬೇರೆ ಯಾರೂ ಆಡಿರಲಿಲ್ಲ. ಮತಕ್ಕೇನೂ ಹಾಕಲಿಲ್ಲ. ಅಣ್ಣ ಮೂಲೆಯಲ್ಲಿ ಕೈ ಕಟ್ಟಿ ಕೂತರು. ಉಳಿದ ಐವರೂ ಒಂದೇ ಏಟಿಗೆ ಮುಳುಗಿದರು.

ಊಟದ ಹೊತ್ತಿಗೆ ಸಿಎಸ್‌ಐನ ಸ್ನೇಹಿತರಾದ ಅಯ್ಯನವರು, ಅಂದರೆ ಅಲ್ಲಿನ ಪಾದ್ರಿ, ಈಸ್ಟರ್ ಶುಭಾಶಯ ಹೇಳಲು ಫೋನ್ ಮಾಡಿದರು. ‘ನಮ್ಮಲ್ಲಿ ಮುಂದಿನ ವಾರ ಮೂರು ಮಕ್ಕಳಿವೆ. ಒಂದು ಚೊಂಬು ಸಾಕು’ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಬಿರಿಯಾನಿ ತಟ್ಟೆ ಕೆಳಗಿಡುವಷ್ಟರಲ್ಲಿ ಗೇಟಿನ ಹತ್ತಿರ ಸದ್ದು. ಎದುರು ಬೀದಿಯ ಹೆಂಗಸರು ಬಕೆಟ್ಟು, ಕೊಡ, ಬಣ್ಣದ ಡಬ್ಬ ಹಿಡಿದು ಸಾಲಾಗಿ ನಿಂತಿದ್ದರು. ತೊಟ್ಟಿ ತುಂಬಿದ ಸುದ್ದಿ ಬೆಳಗಿನ ಜಾವವೇ ಹಬ್ಬಿತ್ತು. ಮುಂದೆ ನಿಂತಿದ್ದ ಹೂವಿನ ಅಂಗಡಿಯ ಅಮ್ಮ ಒಳಗೆ ಇಣುಕಿ, ‘ಫಾದರ್, ನಿಮ್ದು ಪೂಜೆ ಮುಗೀತಲ್ಲ, ನೀರು ಚೆಲ್ಲಬೇಡಿ, ನಮ್ಗೆ ಪಾತ್ರೆ ತೊಳೆಯಕ್ಕಾಗತ್ತೆ’ ಎಂದರು.

‘ತಗೊಳ್ಳಿ ಅಮ್ಮ. ಆದ್ರೆ ಏಳು ಜನ ಮುಳುಗಿರೋ ನೀರು.’

ಆಕೆ ಒಂದು ಕ್ಷಣ ಯೋಚಿಸಿದರು.

‘ಸೋಪು ಹಾಕಿಲ್ಲ ತಾನೆ?’