ಬಸ್ಸಿನ ಷೇರು ಕೊಂಡವರು ನಿಗಮದ ಲೆಕ್ಕವನ್ನೂ ಓದಬೇಕು

ವಿದ್ಯುತ್ ಬಸ್ಸುಗಳನ್ನು ತಯಾರಿಸುವ ಒಲೆಕ್ಟ್ರಾ ಗ್ರೀನ್‌ಟೆಕ್ ಕಂಪನಿಯ ಷೇರುಗಳನ್ನು ಹತ್ತು, ಇಪ್ಪತ್ತು, ಐವತ್ತರ ಲೆಕ್ಕದಲ್ಲಿ ಕೊಂಡಿಟ್ಟುಕೊಂಡವರು ನನ್ನ ಪರಿಚಿತರಲ್ಲಿ ಸಾಕಷ್ಟು ಮಂದಿ ಇದ್ದಾರೆ. ಶಾಲಾ ಶಿಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು, ಹೊಸದಾಗಿ ಕೆಲಸಕ್ಕೆ ಸೇರಿ ಸಂಬಳದಲ್ಲಿ ಒಂದಿಷ್ಟು ಉಳಿಸುತ್ತಿರುವ ಹುಡುಗ ಹುಡುಗಿಯರು ಇವರಲ್ಲಿದ್ದಾರೆ. ಇಂಥವರನ್ನೆಲ್ಲ ಜೂಜುಕೋರರ ಸಾಲಿಗೆ ಸೇರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ ಬಸ್ಸಿನಲ್ಲಿ ಬೆಂಗಳೂರಿನಿಂದ ಮೈಸೂರಿಗೋ ಮಡಿಕೇರಿಗೋ ಹೋಗಿ, ಈ ಬಸ್ಸನ್ನು ಮಾಡಿದವರು ಯಾರೆಂದು ವಿಚಾರಿಸಿ, ಆಮೇಲೆ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆ ತೆರೆದವರೂ ಇವರಲ್ಲಿದ್ದಾರೆ. ತಾನು ಕೂತು ಪ್ರಯಾಣ ಮಾಡಿದ ವಾಹನವನ್ನು ನಂಬಿ ಹಣ ಹಾಕುವುದು, ಹೆಸರೇ ಕೇಳಿರದ ಕಂಪನಿಯ ಮೇಲೆ ಯಾರದೋ ಮಾತು ಕೇಳಿ ಹಣ ಹಾಕುವುದಕ್ಕಿಂತ ಎಷ್ಟೋ ಮೇಲು. ನನ್ನ ತಕರಾರು ಇರುವುದು ಅವರು ಆಮೇಲೆ ಏನನ್ನು ಗಮನಿಸುತ್ತಾರೆ ಎಂಬುದರ ಬಗ್ಗೆ. ಎಷ್ಟು ಸಾವಿರ ಬಸ್ಸುಗಳ ಆರ್ಡರ್ ಬಂತು ಎಂಬ ಸುದ್ದಿಯನ್ನು ಅವರು ಒಂದನ್ನೂ ಬಿಡದೆ ಓದುತ್ತಾರೆ; ಆ ಬಸ್ಸುಗಳಿಗೆ ಹಣ ಕೊಡಬೇಕಾದವರ ಕೈಯಲ್ಲಿ ಹಣವಿದೆಯೇ ಎಂಬುದನ್ನು ಓದುವವರು ಬಹಳ ಕಡಿಮೆ.

ಕಂಪನಿಯ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಹೈದರಾಬಾದಿನ ಈ ಸಂಸ್ಥೆಯ ಹಿಂದಿನ ಹೆಸರು ಗೋಲ್ಡ್‌ಸ್ಟೋನ್ ಇನ್‌ಫ್ರಾಟೆಕ್. ವಿದ್ಯುತ್ ತಂತಿಗಳಿಗೆ ಬಳಸುವ ಇನ್ಸುಲೇಟರ್‌ಗಳ ತಯಾರಿಕೆ ಅದರ ಹಳೆಯ ಕಸುಬು, ಅದು ಈಗಲೂ ಇದೆ. ಬಸ್ಸಿನ ತಂತ್ರಜ್ಞಾನ ಬಂದದ್ದು ಚೀನಾದ ಬಿವೈಡಿ ಕಂಪನಿಯಿಂದ. ಅದೇ ಬಿವೈಡಿಯ ಬಸ್ಸೊಂದನ್ನು 2014ರಲ್ಲಿ ಬಿಎಂಟಿಸಿ ಮೆಜೆಸ್ಟಿಕ್ ಮತ್ತು ಕಾಡುಗೋಡಿ ನಡುವೆ ಪ್ರಾಯೋಗಿಕವಾಗಿ ಓಡಿಸಿದ್ದು ಹಳಬರಿಗೆ ನೆನಪಿರಬಹುದು. 2018ರಲ್ಲಿ ಗೋಲ್ಡ್‌ಸ್ಟೋನ್ ಎಂಬ ಹೆಸರು ಹೋಗಿ ಒಲೆಕ್ಟ್ರಾ ಎಂದಾಯಿತು. ಆಡಳಿತ ಮೇಘಾ ಎಂಜಿನಿಯರಿಂಗ್ ಸಮೂಹದ ಕೈಗೆ ಬಂತು. ಷೇರುಗಳಲ್ಲಿ ಸರಿಸುಮಾರು ಅರ್ಧ ಆ ಸಮೂಹದ್ದೇ. ಉಳಿದರ್ಧದಲ್ಲಿ ಮ್ಯೂಚುವಲ್ ಫಂಡ್‌ಗಳಂಥ ದೊಡ್ಡ ಸಂಸ್ಥೆಗಳ ಪಾಲಿಗಿಂತ ನಮ್ಮ ನಿಮ್ಮಂಥ ಸಣ್ಣ ಹೂಡಿಕೆದಾರರ ಪಾಲೇ ಬಹಳ ದೊಡ್ಡದು. ಹಾಗಾಗಿ ಈ ಷೇರಿನ ಏರಿಳಿತದ ಬಿಸಿ ನೇರವಾಗಿ ತಟ್ಟುವುದು ಮನೆಗಳಿಗೆ.

2020ರ ಮಾರ್ಚ್‌ನ ಕುಸಿತದಲ್ಲಿ ನೂರು ರೂಪಾಯಿಗೂ ಕೆಳಗಿದ್ದ ಷೇರು 2024ರ ಫೆಬ್ರುವರಿಯಲ್ಲಿ 2,200 ರೂಪಾಯಿ ದಾಟಿತು. ಕಂಪನಿಯ ಒಟ್ಟು ಷೇರುಗಳು ಸುಮಾರು 8.2 ಕೋಟಿ. ಗುಣಿಸಿ ನೋಡಿದರೆ ಆ ದಿನಗಳಲ್ಲಿ ಪೇಟೆ ಇಡೀ ಕಂಪನಿಗೆ ಕಟ್ಟಿದ ಬೆಲೆ ಸುಮಾರು 18,000 ಕೋಟಿ ರೂಪಾಯಿ. 2024ರ ಮಾರ್ಚ್‌ಗೆ ಮುಗಿದ ಆರ್ಥಿಕ ವರ್ಷದ ವರಮಾನ ಸುಮಾರು 1,150 ಕೋಟಿ. ನಿವ್ವಳ ಲಾಭ ಎಂಬತ್ತು ಕೋಟಿಯೊಳಗೆ. ಅಂದರೆ ವರ್ಷದ ಲಾಭದ ಇನ್ನೂರು ಪಟ್ಟಿಗೂ ಮಿಗಿಲಾದ ಬೆಲೆ. ಮುಂದಿನ ವರ್ಷ ಕಂಪನಿ ನಿಜವಾಗಿಯೂ ಬೆಳೆಯಿತು: ವರಮಾನ 1,800 ಕೋಟಿಯ ಆಸುಪಾಸಿಗೆ ಏರಿತು, ಲಾಭವೂ ಗಣನೀಯವಾಗಿ ಹೆಚ್ಚಿತು. ಆದರೆ ಅದೇ ಅವಧಿಯಲ್ಲಿ ಷೇರಿನ ಬೆಲೆ ಅರ್ಧಕ್ಕರ್ಧ ಇಳಿದು ಸಾವಿರದ ಆಸುಪಾಸಿಗೆ ಬಂತು. ‘ಲಾಭ ಹೆಚ್ಚಿದೆಯಲ್ಲ, ಮತ್ತೇಕೆ ಬಿತ್ತು?’ ಎಂದು ಆಗ ಹಲವರು ಕೇಳಿದರು. ಎರಡು ಸಾವಿರದ ಬೆಲೆಯಲ್ಲಿ ಜನ ಕೊಂಡದ್ದು ಆ ವರ್ಷದ ಲಾಭವನ್ನಲ್ಲ. ಮುಂದೆ ಬರಲಿರುವ ಸಾವಿರಾರು ಬಸ್ಸುಗಳನ್ನು, ಅವೂ ಹೇಳಿದ ಗಡುವಿನಲ್ಲೇ ಬರುತ್ತವೆ ಎಂಬ ಭರವಸೆಯನ್ನು. ಗಡುವು ಜಾರಿದಾಗ ಆ ಭರವಸೆಯ ಬೆಲೆಯೂ ಇಳಿಯಿತು.

ಆರ್ಡರ್ ಸಿಕ್ಕಾಗ ಕಂಪನಿಯು ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸುವ ಪತ್ರವನ್ನು ಒಮ್ಮೆ ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಒಂದೆರಡು ಪುಟದ ಪತ್ರವದು. ಸುದ್ದಿಯಾಗುವುದು ಅದರ ಮೊದಲ ಭಾಗ ಮಾತ್ರ: ಇಷ್ಟು ಬಸ್ಸು, ಇಷ್ಟು ಸಾವಿರ ಕೋಟಿ, ಇಷ್ಟು ತಿಂಗಳಲ್ಲಿ ಪೂರೈಕೆ. ಮುಂದಿನ ಸಾಲುಗಳಲ್ಲಿ ಬೇರೆ ವಿಷಯವಿರುತ್ತದೆ. ಗುತ್ತಿಗೆ ಸಿಕ್ಕಿರುವುದು ಒಲೆಕ್ಟ್ರಾಕ್ಕಲ್ಲ, ಈವಿ ಟ್ರಾನ್ಸ್ ಎಂಬ ಸೋದರ ಸಂಸ್ಥೆಗೆ. ಈವಿ ಟ್ರಾನ್ಸ್ ಆ ಬಸ್ಸುಗಳನ್ನು ಒಲೆಕ್ಟ್ರಾದಿಂದ ಖರೀದಿಸುತ್ತದೆ. ಇದು ಸಂಬಂಧಿತ ಪಕ್ಷಗಳ ನಡುವಿನ ವ್ಯವಹಾರವಾಗಿದ್ದು ಪೇಟೆಯ ನಿಯಮಗಳಿಗೆ ಅನುಗುಣವಾದ ದರದಲ್ಲಿ ನಡೆಯುತ್ತದೆ ಎಂದು ಅಲ್ಲೇ ನಮೂದಾಗಿರುತ್ತದೆ. ಇದರಲ್ಲಿ ಮುಚ್ಚುಮರೆಯೇನೂ ಇಲ್ಲ, ಕಾನೂನು ಕೇಳುವುದನ್ನು ಕಂಪನಿ ಬರೆದು ತಿಳಿಸಿದೆ. ಓದುವ ಜವಾಬ್ದಾರಿ ನಮ್ಮದು.

ಈ ಏರ್ಪಾಡನ್ನು ಜಿಸಿಸಿ, ಅಂದರೆ ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ. ಸಾರಿಗೆ ನಿಗಮ ಬಸ್ಸನ್ನು ಕೊಳ್ಳುವುದಿಲ್ಲ. ಗುತ್ತಿಗೆದಾರ ಸಂಸ್ಥೆ ಬಸ್ಸು ತಂದು, ಚಾಲಕರನ್ನು ನೇಮಿಸಿ, ನಿರ್ವಹಣೆಯನ್ನೂ ತಾನೇ ಮಾಡಿ ಓಡಿಸುತ್ತದೆ. ನಿಗಮವು ಓಡಿದ ಕಿಲೋಮೀಟರಿಗೆ ಇಂತಿಷ್ಟೆಂದು ಹತ್ತು ಹನ್ನೆರಡು ವರ್ಷಗಳ ಕಾಲ ಕೊಡುತ್ತಾ ಹೋಗುತ್ತದೆ. ಟಿಕೆಟ್ಟಿನ ಹಣ ನಿಗಮದ್ದು. ‘ಇವಿ ಪವರ್ ಪ್ಲಸ್’ ಬಸ್ಸು ಹತ್ತಿದವರಿಗೆ ಇದು ಕಣ್ಣೆದುರೇ ಕಾಣುತ್ತದೆ: ಸ್ಟೀರಿಂಗ್ ಹಿಡಿದವರು ಖಾಸಗಿ ಸಂಸ್ಥೆಯ ನೌಕರರು, ಟಿಕೆಟ್ ಯಂತ್ರ ಹಿಡಿದ ನಿರ್ವಾಹಕರು ನಿಗಮದವರು. ಒಂದೇ ಬಸ್ಸಿನೊಳಗೆ ಎರಡು ಜಮಾಖರ್ಚು ಜೊತೆಯಾಗಿ ಪ್ರಯಾಣಿಸುತ್ತಿರುತ್ತವೆ. ನಿಗಮ ತಿಂಗಳ ಬಿಲ್ಲನ್ನು ಸಕಾಲಕ್ಕೆ ಪಾವತಿಸಿದರೆ ಗುತ್ತಿಗೆದಾರ ಸಂಸ್ಥೆ ಬ್ಯಾಂಕಿನ ಕಂತು ಕಟ್ಟುತ್ತದೆ, ಮುಂದಿನ ಬಸ್ಸುಗಳಿಗೆ ಸಾಲ ಸಿಗುತ್ತದೆ, ತಯಾರಕನಿಗೆ ಹಣ ಬರುತ್ತದೆ. ಈ ಸರಪಳಿಯ ತುದಿಯಲ್ಲಿ ಕೂತಿರುವ ಸಣ್ಣ ಹೂಡಿಕೆದಾರ ಹೈದರಾಬಾದಿನ ಒಂದು ಕಾರ್ಖಾನೆಯ ಪಾಲುದಾರ ಮಾತ್ರವಲ್ಲ. ತನಗೆ ತಿಳಿಯದೆಯೇ ಅವನು ದೇಶದ ನಾಲ್ಕಾರು ಸಾರಿಗೆ ನಿಗಮಗಳ ಹಣಕಾಸಿನ ಸ್ಥಿತಿಯ ಮೇಲೆ ಪಣ ಕಟ್ಟಿದ್ದಾನೆ.

ಆರ್ಡರ್ ಎಂಬುದು ಬಸ್ಸಾಗುವ ಮೊದಲು ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ನಮ್ಮ ಬೆಂಗಳೂರಿನಿಂದಲೇ ಆರಂಭಿಸಬಹುದು. ವಿದ್ಯುತ್ ವಾಹನಗಳಿಗೆ ನೆರವು ನೀಡುವ ಕೇಂದ್ರದ ಮೊದಲ ಫೇಮ್ ಯೋಜನೆಯ ಸಬ್ಸಿಡಿ ಬಳಸಿ ಬಿಎಂಟಿಸಿಗೆ ಗುತ್ತಿಗೆಯ ಮೇಲೆ ವಿದ್ಯುತ್ ಬಸ್ಸುಗಳನ್ನು ತರುವ ಟೆಂಡರ್‌ನಲ್ಲಿ ಗೋಲ್ಡ್‌ಸ್ಟೋನ್ ಅತಿ ಕಡಿಮೆ ದರ ನಮೂದಿಸಿತ್ತು. 2018ರಲ್ಲಿ ಸರ್ಕಾರ ಬದಲಾಯಿತು. ಸಾರಿಗೆ ಸಚಿವರಾಗಿ ಬಂದ ಡಿ.ಸಿ. ತಮ್ಮಣ್ಣ ಅವರು ಗುತ್ತಿಗೆಗಿಂತ ನಿಗಮವೇ ಬಸ್ಸುಗಳನ್ನು ಖರೀದಿಸುವುದು ಲೇಸೆಂಬ ನಿಲುವು ತಳೆದರು. ನೀತಿಯಾಗಿ ಯಾವುದು ಸರಿ ಎಂಬುದು ಬೇರೆ ಚರ್ಚೆ. ಆ ಬಸ್ಸುಗಳಂತೂ ಬರಲಿಲ್ಲ. ಮುಂಬೈಯದು ಇನ್ನೊಂದು ಬಗೆ. 2022ರ ಮೇ ತಿಂಗಳಲ್ಲಿ ಅಲ್ಲಿನ ನಗರ ಸಾರಿಗೆಯ ಬೆಸ್ಟ್ ಸಂಸ್ಥೆಯಿಂದ 2,100 ಬಸ್ಸುಗಳ, 3,675 ಕೋಟಿ ರೂಪಾಯಿ ಮೌಲ್ಯದ ಆರ್ಡರ್ ಪ್ರಕಟವಾಯಿತು. ಹನ್ನೆರಡು ತಿಂಗಳಲ್ಲಿ ಪೂರೈಕೆ ಎಂದಿತ್ತು. ಸ್ಪರ್ಧಿಯಾದ ಟಾಟಾ ಮೋಟಾರ್ಸ್ ನ್ಯಾಯಾಲಯಕ್ಕೆ ಹೋಯಿತು. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆ ಗುತ್ತಿಗೆಯನ್ನು ತಳ್ಳಿಹಾಕಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಗುತ್ತಿಗೆ ಪಡೆದಿದ್ದ ಈವಿ ಟ್ರಾನ್ಸ್ ಪರವಾಗಿ ತೀರ್ಪು ಕೊಡುವ ಹೊತ್ತಿಗೆ ಆ ಹನ್ನೆರಡು ತಿಂಗಳು ಬಹುತೇಕ ಮುಗಿದಿದ್ದವು.

ಎಲ್ಲಕ್ಕಿಂತ ದೊಡ್ಡದು ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ನಿಗಮದ್ದು. 2023ರ ಜುಲೈನಲ್ಲಿ 5,150 ಬಸ್ಸುಗಳ, ಸುಮಾರು 10,000 ಕೋಟಿ ರೂಪಾಯಿಗಳ ಆರ್ಡರ್ ಎಂದು ಪ್ರಕಟವಾದಾಗ ಷೇರು ಒಂದೇ ದಿನದಲ್ಲಿ ಜೋರಾಗಿ ಜಿಗಿಯಿತು. ಪೂರೈಕೆಗೆ 24 ತಿಂಗಳ ಗಡುವು. ಆ ದಿನ ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡಿದ್ದರೆ ಒಂದು ಸಂಗತಿ ಯಾರಿಗಾದರೂ ಹೊಳೆಯುತ್ತಿತ್ತು. ಬೆಸ್ಟ್ ಆರ್ಡರಿನ ಲೆಕ್ಕದಲ್ಲಿ ಒಂದು ಬಸ್ಸಿಗೆ ಒಂದೂಮುಕ್ಕಾಲು ಕೋಟಿ. ವರ್ಷಕ್ಕೆ ಸುಮಾರು 1,100 ಕೋಟಿ ವರಮಾನದ ಕಂಪನಿ ಎಂದರೆ, ಇನ್ಸುಲೇಟರ್ ವ್ಯಾಪಾರವನ್ನು ಮರೆತರೂ, ವರ್ಷಕ್ಕೆ ಆರೇಳು ನೂರು ಬಸ್ಸುಗಳಿಗಿಂತ ಹೆಚ್ಚು ಹೊರಬರುತ್ತಿರಲಾರವು. ಆ ವೇಗದಲ್ಲಿ 5,150 ಬಸ್ಸುಗಳಿಗೆ ಏಳೆಂಟು ವರ್ಷ ಬೇಕು. ಎರಡು ವರ್ಷದಲ್ಲಿ ಮುಗಿಸಬೇಕಾದರೆ ಹೈದರಾಬಾದ್ ಬಳಿಯ ಸೀತಾರಾಂಪುರದಲ್ಲಿ ಆಗಿನ್ನೂ ಕಟ್ಟುತ್ತಿದ್ದ ಹೊಸ ಕಾರ್ಖಾನೆ ಪೂರ್ಣ ಪ್ರಮಾಣದಲ್ಲಿ ಓಡಬೇಕು, ಬಿಡಿಭಾಗಗಳು ಬರಬೇಕು, ಮಹಾರಾಷ್ಟ್ರದ ಡಿಪೋಗಳಿಗೆ ಹೈಟೆನ್ಷನ್ ವಿದ್ಯುತ್ ಸಂಪರ್ಕವೂ ಚಾರ್ಜರುಗಳೂ ಬರಬೇಕು, ಬ್ಯಾಂಕು ಸಾಲ ಕೊಡಬೇಕು. ಇಷ್ಟೂ ಒಟ್ಟಿಗೇ ಕೂಡಿಬರಬೇಕಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸಾರಿಗೆ ಸಚಿವ ಪ್ರತಾಪ್ ಸರನಾಯಿಕ್ ಅವರು, ಪರಿಷ್ಕೃತ ವೇಳಾಪಟ್ಟಿಯಂತೆಯೂ ಬಸ್ಸುಗಳು ಬಂದಿಲ್ಲವೆಂದು ಹೇಳಿ ಗುತ್ತಿಗೆ ರದ್ದುಪಡಿಸಲು ಸೂಚಿಸಿರುವುದಾಗಿ ಪ್ರಕಟಿಸಿದರು. ಷೇರು ಕುಸಿಯಿತು. ಸಚಿವರ ಹೇಳಿಕೆಯೇ ರದ್ದತಿಯ ಆದೇಶವಲ್ಲ, ನಿಜ. ಆದರೆ ಸಾವಿರಾರು ಜನ ಸಣ್ಣ ಹೂಡಿಕೆದಾರರಿಗೆ ವಿಳಂಬದ ಅರಿವಾದದ್ದು ಆ ಹೇಳಿಕೆಯಿಂದ ಎಂಬುದು ನನಗೆ ನೋವಿನ ವಿಷಯ. ತ್ರೈಮಾಸಿಕ ಫಲಿತಾಂಶಗಳಲ್ಲಿ ಅದು ಆಗಲೇ ಒಂದೂವರೆ ವರ್ಷದಿಂದ ಕಾಣುತ್ತಿತ್ತು.

ಹಣ ಪಾವತಿಯ ಅಪಾಯ ನನ್ನ ಕಲ್ಪನೆಯಲ್ಲ. ದೇಶದ ಅತಿ ದೊಡ್ಡ ವಾಣಿಜ್ಯ ವಾಹನ ತಯಾರಕ ಟಾಟಾ ಮೋಟಾರ್ಸ್, ಬಿಎಂಟಿಸಿಯ 921 ಬಸ್ಸುಗಳೂ ಸೇರಿದಂತೆ ದೊಡ್ಡ ಗುತ್ತಿಗೆಗಳನ್ನು ಪಡೆದ ಮೇಲೆ, ಪಾವತಿಗೆ ಸರಿಯಾದ ಭದ್ರತೆ ಇಲ್ಲವೆಂಬ ಕಾರಣ ಹೇಳಿ 2023ರಲ್ಲಿ ಹೊಸ ಟೆಂಡರ್‌ಗಳಿಂದ ದೂರ ಉಳಿಯಿತು. ಅಷ್ಟು ದೊಡ್ಡ ಸಂಸ್ಥೆಯೇ ಹಿಂಜರಿದ ಜಾಗದಲ್ಲಿ ಇನ್ನೊಂದು ಸಂಸ್ಥೆಗೆ ಆರ್ಡರ್ ಸಿಕ್ಕಾಗ, ಸ್ಪರ್ಧೆಯಲ್ಲಿ ಗೆದ್ದರು ಎಂದು ಸಂಭ್ರಮಿಸುವ ಮುಂಚೆ ಉಳಿದವರು ಯಾಕೆ ಬರಲಿಲ್ಲ ಎಂದು ಕೇಳುವುದು ವಿವೇಕ. ಕೇಂದ್ರ ಸರ್ಕಾರವೂ ಈ ಭಯವನ್ನು ಒಪ್ಪಿಕೊಂಡಿತು. 2024ರ ಸೆಪ್ಟೆಂಬರ್‌ನಲ್ಲಿ ಸಂಪುಟವು 3,435 ಕೋಟಿ ರೂಪಾಯಿಗಳ ಪಾವತಿ ಭದ್ರತಾ ನಿಧಿಗೆ ಒಪ್ಪಿಗೆ ನೀಡಿತು. ನಿಗಮ ಹಣ ಕೊಡದಿದ್ದರೆ ಈ ನಿಧಿಯಿಂದ ಮೊದಲು ಪಾವತಿಯಾಗುತ್ತದೆ. ಆಮೇಲೆ ರಿಸರ್ವ್ ಬ್ಯಾಂಕ್ ಮೂಲಕ ರಾಜ್ಯ ಸರ್ಕಾರದ ಖಾತೆಯಿಂದ ಅದನ್ನು ನೇರವಾಗಿ ವಸೂಲು ಮಾಡಲು ಅವಕಾಶವಿದೆ. ನನ್ನ ದೃಷ್ಟಿಯಲ್ಲಿ ಈ ಉದ್ಯಮದ ಸಣ್ಣ ಹೂಡಿಕೆದಾರರಿಗೆ ಕಳೆದ ಕೆಲವು ವರ್ಷಗಳಲ್ಲಿ ಬಂದ ಅತಿ ಮುಖ್ಯ ಸುದ್ದಿ ಇದು. ಯಾವ ಆರ್ಡರ್‌ನಷ್ಟೂ ಇದು ಚರ್ಚೆಯಾಗಲಿಲ್ಲ.

ನಿಗಮಗಳ ಸ್ಥಿತಿ ಹೇಗಿದೆ ಎಂಬುದನ್ನು ಕನ್ನಡದ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಇಂಧನದ ಬಾಕಿ ಮತ್ತು ನೌಕರರ ಭವಿಷ್ಯನಿಧಿಯ ಬಾಕಿ ತೀರಿಸಲು ನಮ್ಮ ನಾಲ್ಕು ಸಾರಿಗೆ ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಲು ರಾಜ್ಯ ಸರ್ಕಾರ ಖಾತರಿ ನಿಲ್ಲಬೇಕಾಯಿತು. 2025ರ ಜನವರಿಯಲ್ಲಿ ಶೇ 15ರಷ್ಟು ದರ ಏರಿಕೆಯಾಯಿತು. ಆಗಸ್ಟ್‌ನಲ್ಲಿ ವೇತನ ಬಾಕಿಗಾಗಿ ನೌಕರರು ಮುಷ್ಕರ ಹೂಡಿದರು. ಶಕ್ತಿ ಯೋಜನೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಆ ಯೋಜನೆಯ ಹಣವನ್ನು ಸರ್ಕಾರ ನಿಗಮಗಳಿಗೆ ಪೂರ್ತಿಯಾಗಿ, ಸಕಾಲಕ್ಕೆ ಕೊಡಬೇಕೆಂಬುದೂ ಅಷ್ಟೇ ಗಟ್ಟಿಯಾದ ನನ್ನ ಅಭಿಪ್ರಾಯ. ಈ ಸುದ್ದಿಗಳನ್ನು ನಾವು ಪ್ರಯಾಣಿಕರಾಗಿ, ಮತದಾರರಾಗಿ ಓದುತ್ತೇವೆ. ಬಸ್ ಕಂಪನಿಯ ಷೇರುದಾರರೂ ಆಗಿದ್ದರೆ ಅದೇ ಸುದ್ದಿ ನಮ್ಮ ಗ್ರಾಹಕನ ಜೇಬಿನ ಸುದ್ದಿಯೂ ಹೌದು.

ಹಾಗಾದರೆ ನೋಡಬೇಕಾದದ್ದು ಏನು? ಪ್ರತಿ ಮೂರು ತಿಂಗಳಿಗೊಮ್ಮೆ ಎಷ್ಟು ಬಸ್ಸು ಕಾರ್ಖಾನೆಯಿಂದ ಹೊರಟವು ಎಂಬ ಸಂಖ್ಯೆ ಮೊದಲನೆಯದು. ಆರ್ಡರ್ ಪುಸ್ತಕದ ಸಂಖ್ಯೆಯ ಪಕ್ಕದಲ್ಲಿ ಅದನ್ನಿಟ್ಟು ಭಾಗಿಸಿದರೆ ಎಷ್ಟು ವರ್ಷದ ಕೆಲಸವೆಂದು ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಆಸ್ತಿ ಹೊಣೆಗಾರಿಕೆ ಪಟ್ಟಿಯಲ್ಲಿ ‘ಟ್ರೇಡ್ ರಿಸೀವಬಲ್ಸ್’ ಎಂದು ಬರೆದಿರುವ, ಗಿರಾಕಿಗಳಿಂದ ಬರಬೇಕಾದ ಬಾಕಿ. ಮಾರಾಟ ಏರುವುದಕ್ಕಿಂತ ವೇಗವಾಗಿ ಈ ಬಾಕಿ ಏರುತ್ತಿದ್ದರೆ, ಲಾಭ ಕಾಗದದ ಮೇಲಿದೆ, ಹಣ ಇನ್ನೂ ದಾರಿಯಲ್ಲಿದೆ ಎಂದರ್ಥ. ನಗದು ಹರಿವಿನ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ತೆರೆದು, ನಿವ್ವಳ ಲಾಭ ಮತ್ತು ವ್ಯವಹಾರದಿಂದ ಕೈಗೆ ಬಂದ ನಗದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ವಾರ್ಷಿಕ ವರದಿಯಲ್ಲಿ ಸಂಬಂಧಿತ ಪಕ್ಷಗಳ ವ್ಯವಹಾರದ ಟಿಪ್ಪಣಿಯಲ್ಲಿ ಸೋದರ ಸಂಸ್ಥೆಗಳಿಗೆ ಮಾರಿದ್ದೆಷ್ಟು, ಅವರಿಂದ ಬರಬೇಕಾದದ್ದೆಷ್ಟು ಎಂಬುದು ಸಾಲು ಸಾಲಾಗಿ ಇರುತ್ತದೆ. ಷೇರಿನ ಮುಖಬೆಲೆ ನಾಲ್ಕು ರೂಪಾಯಿ, ಲಾಭಾಂಶ ನಲವತ್ತು ಪೈಸೆ ಎಂಬುದನ್ನು ತಿಳಿದವರಿಗೆ, ಇಲ್ಲಿ ಕಾಯುವುದಕ್ಕೆ ಬಡ್ಡಿ ಸಿಗುವುದಿಲ್ಲ ಎಂಬುದೂ ತಿಳಿದಿರಬೇಕು.

ವಾರ್ಷಿಕ ಮಹಾಸಭೆ ಈಗ ವಿಡಿಯೊ ಮೂಲಕ ನಡೆಯುತ್ತದೆ. ಮುಂಚಿತವಾಗಿ ಹೆಸರು ನೋಂದಾಯಿಸಿದರೆ ಒಂದೇ ಷೇರು ಇರುವವರೂ ಮಾತಾಡಬಹುದು. ಆದರೆ ಇಂಥ ಸಭೆಗಳಲ್ಲಿ ಎಷ್ಟೋ ಸಲ ಆಡಳಿತ ಮಂಡಳಿಯನ್ನು ಹೊಗಳಿ, ಬೋನಸ್ ಷೇರು ಯಾವಾಗ ಎಂದು ಕೇಳುವುದರಲ್ಲೇ ಸಿಕ್ಕ ಎರಡು ನಿಮಿಷ ಕಳೆದುಹೋಗುತ್ತದೆ. ಆ ಎರಡು ನಿಮಿಷದಲ್ಲಿ, ಆರು ತಿಂಗಳಿಗಿಂತ ಹಳೆಯದಾದ ಬಾಕಿ ಎಷ್ಟು, ಅದು ಯಾವ ಯಾವ ನಿಗಮಗಳದು ಎಂದು ಕೇಳಿದರೆ ಉತ್ತರಿಸಬೇಕಾದವರು ಎದುರಿಗೇ ಇರುತ್ತಾರೆ.

ಇನ್ನು ವಿದ್ಯುತ್ ವಾಹನಗಳಿಗೆ ನೆರವು ನೀಡುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಐದು ನಗರಗಳಿಗೆ ನಿಗದಿಯಾದ 10,900 ಬಸ್ಸುಗಳಲ್ಲಿ 4,500 ನಮ್ಮ ಬೆಂಗಳೂರಿನ ಪಾಲಿನವು. ಅವು ಯಾವ ಕಂಪನಿಯ ಬಸ್ಸುಗಳಾಗಿ ಬಂದರೂ, ಆ ಕಂಪನಿಯ ಷೇರು ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಇವೇ: ನೇರ ವಸೂಲಾತಿಗೆ ರಾಜ್ಯ ಸರ್ಕಾರ ಸಹಿ ಹಾಕಿದೆಯೇ, ಡಿಪೋಗಳಿಗೆ ವಿದ್ಯುತ್ ಬಂದಿದೆಯೇ, ಮೊದಲ ಕಂತಿನ ಬಸ್ಸುಗಳ ಬಿಲ್ಲು ಎಷ್ಟು ದಿನಕ್ಕೆ ಪಾವತಿಯಾಗುತ್ತಿದೆ.