ಬಸುರಿಯ ಬಾಯಿ ನೋಡುವವರು ಯಾರು?

ನಮ್ಮ ಕಲಬುರಗಿಯಲ್ಲಿ ಬಸುರಿ ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳಲು ಓಣಿಗೆ ಓಣಿಯೇ ಸಿದ್ಧವಾಗಿರುತ್ತದೆ. ಅವಳ ಬಾಯಿಯ ಪಾಡೇನು ಎಂದು ಕೇಳುವವರು ಮಾತ್ರ ಸಿಗುವುದಿಲ್ಲ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹೆಂಡತಿಯ ಬಸಿರು, ಬಾಣಂತನಗಳನ್ನು ಕಂಡೆ. ಆಮೇಲೆ ಊರಿನಲ್ಲಿ ತಂಗಿಯದನ್ನೂ ಕಂಡೆ. ಇಲ್ಲಿ ಲೀಡ್ಸ್‌ನಲ್ಲಿ ಉಚಿತ ಚಿಕಿತ್ಸೆಯ ಹಕ್ಕು ಇದೆ, ದಂತವೈದ್ಯರು ಸಿಗುವುದಿಲ್ಲ. ಊರಿನಲ್ಲಿ ದಂತವೈದ್ಯರಿಗೆ ಬರವಿಲ್ಲ, ಬಸುರಿಯನ್ನು ಅವರ ಬಳಿಗೆ ಕಳಿಸುವವರಿಲ್ಲ. ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಎರಡೂ ಕಡೆಗೆ ಸಲ್ಲುತ್ತದೆ.

ಇಲ್ಲಿಯ ಕ್ರಮ ಕಾಗದದ ಮೇಲೆ ಬಹಳ ಚೆನ್ನ. ಬಸಿರು ಖಚಿತವಾದರೆ ಮಿಡ್‌ವೈಫ್ (ಬಸಿರು, ಹೆರಿಗೆ ನೋಡಿಕೊಳ್ಳುವ ದಾದಿ) ಒಂದು ಅರ್ಜಿ ತುಂಬಿಸಿ ವಿನಾಯಿತಿ ಪತ್ರ ಕೊಡಿಸುತ್ತಾಳೆ. ಅದಿದ್ದರೆ ಸರ್ಕಾರಿ ಸೇವೆಯಲ್ಲಿ ಹಲ್ಲಿನ ತಪಾಸಣೆ, ಹುಳುಕು ತುಂಬಿಸುವುದು, ಕೀಳಿಸುವುದು ಎಲ್ಲವೂ ಉಚಿತ. ಹೆರಿಗೆಯಾದ ಮೇಲೂ 12 ತಿಂಗಳು ಈ ಸೌಲಭ್ಯ ಮುಂದುವರಿಯುತ್ತದೆ. ಆ 12 ತಿಂಗಳು ಸೇರಿಸಿದವರ ಬುದ್ಧಿಯನ್ನು ಮೆಚ್ಚಲೇಬೇಕು. ಬಾಣಂತಿಗೆ ತನ್ನ ಹಲ್ಲಿನ ನೆನಪಾಗುವುದೇ ಮಗು ರಾತ್ರಿ ನಿದ್ದೆ ಮಾಡಲು ಕಲಿತ ಮೇಲೆ. ಆದರೆ ಪತ್ರ ಹಿಡಿದು ಫೋನ್ ಮಾಡಿದರೆ, ಹೊಸಬರನ್ನು ಸೇರಿಸಿಕೊಳ್ಳುತ್ತಿಲ್ಲ ಎಂಬುದೇ ಬಹಳಷ್ಟು ಕ್ಲಿನಿಕ್‌ಗಳ ಉತ್ತರ.

ಕಲಬುರಗಿಯಲ್ಲಿ ಆ ತೊಂದರೆ ಇಲ್ಲ. ದಂತವೈದ್ಯಕೀಯ ಕಾಲೇಜುಗಳೇ ಒಂದಕ್ಕಿಂತ ಹೆಚ್ಚಿವೆ, ಖಾಸಗಿ ಕ್ಲಿನಿಕ್‌ಗಳಂತೂ ರಸ್ತೆ ರಸ್ತೆಗೂ ಇವೆ. ಆದರೂ ಆರನೇ ತಿಂಗಳಿನಲ್ಲಿ ತಂಗಿಯ ಕೆನ್ನೆ ಊದಿಕೊಂಡಾಗ ಮನೆಯಲ್ಲಿ ಕೇಳಿಬಂದದ್ದು ಒಂದೇ ಮಾತು: ಹೊಟ್ಟೆಯಲ್ಲಿ ಕೂಸಿರುವಾಗ ಹಲ್ಲು ಮುಟ್ಟಿಸಬಾರದು, ಹೆರಿಗೆಯಾಗಲಿ. ಲವಂಗ ಇಟ್ಟರು. ಅದಕ್ಕೂ ಬಗ್ಗದಾಗ ಔಷಧ ಅಂಗಡಿಯಿಂದ ನೋವಿನ ಗುಳಿಗೆ ತಂದರು. ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ಸೀಸದ ಹೊದಿಕೆ ಹಾಕಿ ತೆಗೆಯುವ ಹಲ್ಲಿನ ಎಕ್ಸ್‌ರೇಗೆ ಹೆದರುವ ಜನ, ಕೇಳದೆ ಗುಳಿಗೆ ನುಂಗಿಸಲು ಹೆದರುವುದಿಲ್ಲ. ಐಬುಪ್ರೊಫೆನ್‌ನಂಥ ನೋವುನಿವಾರಕಗಳನ್ನು 20 ವಾರಗಳ ನಂತರ ತೆಗೆದುಕೊಂಡರೆ ಹುಟ್ಟಲಿರುವ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಕರು 2020ರಲ್ಲೇ ಎಚ್ಚರಿಸಿದ್ದಾರೆ. ಹಲ್ಲಿಗೆ ಸಾಮಾನ್ಯವಾಗಿ ಕೊಡುವ ಮರಗಟ್ಟಿಸುವ ಚುಚ್ಚುಮದ್ದು ಮಾತ್ರ ಬಸುರಿಗೂ ಕೊಡುವಂಥದ್ದೇ. ತುರ್ತು ಚಿಕಿತ್ಸೆಯನ್ನು ಯಾವ ತಿಂಗಳಲ್ಲೂ ಮುಂದೂಡಬೇಕಿಲ್ಲ. ಉಳಿದದ್ದಕ್ಕೆ ನಡುವಿನ ಮೂರು ತಿಂಗಳು ಅನುಕೂಲ. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಭಾರವಾಗಿರುವುದಿಲ್ಲ.

ಒಸಡಿನಿಂದ ರಕ್ತ ಬರುವುದನ್ನು ಎರಡೂ ಊರಿನ ಹಿರಿಯರು ‘ಬಸಿರಲ್ಲವೇ, ಹಾಗೆಯೇ’ ಎಂದು ತಳ್ಳಿಹಾಕುತ್ತಾರೆ. ಅರ್ಧ ನಿಜ. ಬಸಿರಿನಲ್ಲಿ ಏರುವ ಹಾರ್ಮೋನುಗಳಿಂದಾಗಿ, ಹಲ್ಲಿನ ಬುಡದಲ್ಲಿ ಕಟ್ಟಿದ ಪಾಚಿಗೆ ಒಸಡು ಎಂದಿಗಿಂತ ಬೇಗ ಕೆರಳುತ್ತದೆ. ಕೆಲವರಿಗೆ ಹಲ್ಲುಗಳ ಸಂದಿನಲ್ಲಿ ಸಣ್ಣ ಕೆಂಪು ಗಂಟೂ ಏಳುತ್ತದೆ. ಅದು ಕ್ಯಾನ್ಸರ್ ಅಲ್ಲ, ಹೆಚ್ಚಾಗಿ ಹೆರಿಗೆಯ ನಂತರ ತಾನೇ ಕುಗ್ಗುತ್ತದೆ. ಆದರೆ ಪಾಚಿ ತಾನಾಗಿ ಹೋಗುವುದಿಲ್ಲ. ರಕ್ತ ಕಂಡೊಡನೆ ಬ್ರಷ್ ಬಿಡುವವರು ಕಾಯಿಲೆಗೆ ಜಾಗ ಮಾಡಿಕೊಡುತ್ತಾರೆ. ಒಸಡಿನ ಕಾಯಿಲೆಗೂ ದಿನ ತುಂಬದ ಹೆರಿಗೆಗೂ ನಂಟಿದೆ ಎಂದು ಹೆದರಿಸುವವರೂ ಇದ್ದಾರೆ. ನಂಟು ಕಂಡಿರುವುದು ನಿಜ, ಒಸಡಿಗೆ ಚಿಕಿತ್ಸೆ ಮಾಡಿಸಿದರೆ ಅಂಥ ಹೆರಿಗೆ ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ. ತಾಯಿಯ ಬಾಯಿ ತಾಯಿಗಾಗಿಯೇ ಚೆನ್ನಾಗಿರಲಿ, ಅದಕ್ಕೆ ಬೇರೆ ಕಾರಣ ಏಕೆ ಬೇಕು? ಕೂಸು ತಾಯಿಯ ಹಲ್ಲಿನ ಸುಣ್ಣವನ್ನು ಹೀರುತ್ತದೆ ಎಂಬ ನಂಬಿಕೆಯೂ ಎರಡೂ ಕಡೆ ಇದೆ. ಇಲ್ಲಿಯ ಅಜ್ಜಿಯರು ಕೂಸಿಗೊಂದು ಹಲ್ಲು ಲೆಕ್ಕ ಎನ್ನುತ್ತಾರೆ. ತಾಯಿಯ ಊಟದಲ್ಲಿ ಸುಣ್ಣದಂಶ ಕಡಿಮೆಯಾದರೆ ಕೂಸು ಅದನ್ನು ಪಡೆಯುವುದು ಅವಳ ಎಲುಬಿನಿಂದ, ಹಲ್ಲಿನಿಂದಲ್ಲ.

ಹಲ್ಲಿಗೆ ನಿಜವಾದ ಪೆಟ್ಟು ವಾಂತಿಯಿಂದ. ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಮೆದುವಾಗಿಸಿರುವಾಗಲೇ ಗಸಗಸ ಉಜ್ಜಿದರೆ ಅದು ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಬಾಯಿ ಮುಕ್ಕಳಿಸಿ, ಸುಮಾರು ಒಂದು ಗಂಟೆ ಬಿಟ್ಟು ಬ್ರಷ್ ಮಾಡಿ ಎಂದು ಇಲ್ಲಿಯ ಮಿಡ್‌ವೈಫ್ ಹೇಳಿಕೊಟ್ಟಳು. ಸೋಡಾ ನಮ್ಮ ಯಾವ ಅಡುಗೆಮನೆಯಲ್ಲಿಲ್ಲ?

ಬಾಣಂತನದಲ್ಲಿ ಮಾತ್ರ ನಮ್ಮವರ ಮುಂದೆ ಇಂಗ್ಲೆಂಡ್ ಏನೂ ಅಲ್ಲ. ಇಲ್ಲಿ ಹೆತ್ತ ಮರುದಿನವೇ ಮನೆಗೆ ಕಳಿಸುತ್ತಾರೆ. ಅಲ್ಲಿ ಹೊರಸಿನ ಕೆಳಗೆ ಕೆಂಡದ ಕಾವು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊತ್ತು ಹೊತ್ತಿಗೆ ಅಂಟಿನುಂಡೆ, ಅಳವಿ ಪಾಯಸ. ಈ ಆರೈಕೆಯನ್ನು ನಾನು ಆಡಿಕೊಳ್ಳಲಾರೆ. ಆದರೆ ಬೆಲ್ಲ, ಉತ್ತತ್ತಿ, ಅಂಟು ಹಲ್ಲಿಗೆ ಮೆತ್ತಿಕೊಂಡಿರುವಾಗ, ಬಾಣಂತಿಯ ಹಲ್ಲು ಸಡಿಲ ಎಂದು ಬ್ರಷ್ಷನ್ನೇ ದೂರವಿಡುವುದು ಯಾವ ನ್ಯಾಯ? ತಂಗಿಗೆ ಬೆಳಿಗ್ಗೆ ಬೆರಳಿನಿಂದ ಒರೆಸಿಕೊಳ್ಳಲಷ್ಟೇ ಅಪ್ಪಣೆಯಿತ್ತು. ಊಟದ ನಂತರ ಎಲೆ ಅಡಿಕೆ ಬೇರೆ. ಕೆಲವು ಮನೆಗಳಲ್ಲಿ ಹೊಗೆಸೊಪ್ಪು ಸುಟ್ಟು ಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ಹೆಂಗಸರು ಇಂದಿಗೂ ಇದ್ದಾರೆ. ಬಸುರಿ ತಂಬಾಕು ಬಳಸಿದರೆ ಕೂಸಿನ ತೂಕ ಕುಂದುತ್ತದೆ, ಅದು ಸೇದುವ ತಂಬಾಕೇ ಆಗಬೇಕೆಂದಿಲ್ಲ. ಇದನ್ನು ಸೊಸೆಗೆ ಹೇಳಿ ಏನು ಬಂತು, ಅತ್ತೆಗೆ ಹೇಳಬೇಕು.

ಕೂಸಿಗೆ ಉಣಿಸುವ ಚಮಚವನ್ನು ತಾಯಿ ಮೊದಲು ತನ್ನ ಬಾಯಿಗಿಟ್ಟು ಬಿಸಿ ನೋಡುವ ರೂಢಿಯೂ ನಮ್ಮಲ್ಲಿದೆ. ಹಲ್ಲು ಹುಳುಕಿಸುವ ಬ್ಯಾಕ್ಟೀರಿಯಾ ಆ ಎಂಜಲಿನೊಡನೆ ಕೂಸಿನ ಬಾಯಿ ಸೇರುತ್ತದೆ.

ಸರ್ಕಾರದ ಬಗ್ಗೆ ಒಂದು ಮಾತು. ಮುಪ್ಪಿನಲ್ಲಿ ಹಲ್ಲೆಲ್ಲ ಹೋದ ಬಡವರಿಗೆ ಕೃತಕ ದಂತಪಂಕ್ತಿ ಕೊಡಲು ಕರ್ನಾಟಕದಲ್ಲಿ ದಂತಭಾಗ್ಯ ಯೋಜನೆ ಇದೆ. ಬಸುರಿಯ ಹಲ್ಲಿನ ಲೆಕ್ಕ ಎಲ್ಲಿದೆ ಎಂದು, ಬಸಿರಿನ ತಪಾಸಣೆಗಳನ್ನು ಬರೆದಿಡುವ ತಂಗಿಯ ‘ತಾಯಿ ಕಾರ್ಡ್’ ಅನ್ನು ನಾನು ತಿರುವಿ ಹಾಕಿದೆ. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲ ಬರೆದಿದ್ದರು, ಹಲ್ಲು, ಒಸಡುಗಳ ಬಗ್ಗೆ ಒಂದಕ್ಷರ ಕಾಣಲಿಲ್ಲ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ನಡೆಯುತ್ತಿದೆ. ಒಸಡಿನಲ್ಲಿ ರಕ್ತ ಬರುತ್ತದೆಯೇ ಎಂದು ಅಂದು ಕೇಳಲು ಯಾವ ಯಂತ್ರವೂ ಬೇಕಿಲ್ಲ. ಬರುತ್ತದೆ ಎಂದವಳಿಗೆ ದಂತ ಕಾಲೇಜಿಗೆ ಒಂದು ಚೀಟಿ ಬರೆದುಕೊಟ್ಟರೆ ಸಾಕು. ಇನ್ನು ಮನೆಯವರು: ಐದನೇ ತಿಂಗಳಿಗೆ ಕುಬಸ (ಸೀಮಂತ) ಮಾಡುವ ರೂಢಿ ಇರುವಲ್ಲಿ ಸೀರೆ, ಬಳೆಗೆಂದು ಬಸುರಿಯನ್ನು ಹೇಗೂ ಪೇಟೆಗೆ ಕರೆದೊಯ್ಯುತ್ತಾರೆ. ದಂತವೈದ್ಯರಿಗೆ ಅನುಕೂಲವಾದ ತಿಂಗಳೂ ಅದೇ. ಬಳೆ ಅಂಗಡಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿಬರಲಿ, ಬಳೆ ಇಡಿಸುವುದಕ್ಕೆ ಹೇಗೂ ಮಧ್ಯಾಹ್ನವಾಗುತ್ತದೆ.